ಹೊಯಿಗೆಯ ಮೇಲಣ ಚಕ್ರ

ಚಕ್ರವು ಮನುಷ್ಯನ ಬುದ್ಧಿಗೆ ದೊರೆತ ಮಹಾವಿಜಯಗಳಲ್ಲೊಂದು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಅದು ಗಟ್ಟಿನೆಲದ ಮೇಲಣ ವಿಜಯವೇ ಹೊರತು ಎಲ್ಲ ನೆಲದ ಮೇಲಣದಲ್ಲ. ಡಾಮರು ರಸ್ತೆಯಲ್ಲಿ ಕುದುರೆಯನ್ನು ನಾಚಿಸುವ ಯಂತ್ರವು ಕಡಲತಡಿಯ ಹೊಯಿಗೆಗೆ ಇಳಿದು ಹತ್ತು ಮಾರು ಹೋಗುವಷ್ಟರಲ್ಲಿ ಕೆಸರು ಕಂಡ ಕೋಣದಂತೆ ಮಲಗಿಬಿಡುವುದುಂಟು. ಆಗ ಸವಾರನು ಇಳಿದು ತಳ್ಳುವನು, ನೋಡುವವರು ನಗುವರು, ಯಂತ್ರವು ಹೊಗೆಯುಗುಳುವುದು. ಇಂತಹ ಪ್ರಸಂಗಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಗೃಹಸ್ಥರಾದ ವಾಚಕರಿಗೆ ತಿಳಿಯಹೇಳುವುದೇ ಈ ಲೇಖನದ ಉದ್ದೇಶ. ವ್ಯಾಕರಣವನ್ನು ಪಾಠಮಾಡಿ ನಿವೃತ್ತನಾದವನಿಗೆ ಟಯರುಗಳ ಉಸಾಬರಿಯೇಕೆಂದು ಕೆಲವರು ಕೇಳಬಹುದು. ಚಕ್ರದ ಹೊರಸುತ್ತಿಗೆ ‘ನೇಮಿ’ಯೆಂದೂ ‘ಪ್ರಧಿ’ಯೆಂದೂ, ನಡುವಣ ಗುಂಬಕ್ಕೆ ‘ನಾಭಿ’ಯೆಂದೂ, ಕಡ್ಡಿಗಳಿಗೆ ‘ಅರ’ಗಳೆಂದೂ ಬೇರೆಬೇರೆ ಹೆಸರಿಟ್ಟು ಬಳಸಿದ ಭಾಷೆಯನ್ನು ಕಲಿತವನಿಗೆ ಚಕ್ರದ ವಿಚಾರವು ಪರಕೀಯವಲ್ಲವೆಂಬುದೇ ನನ್ನ ಉತ್ತರ.

ನಮ್ಮ ಹಂಪನಕಟ್ಟೆಯು ಚಕ್ರಗಳ ಸಂಗಮಸ್ಥಾನ. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನೆಂಬವನ ಕಟ್ಟೆಯೇ ಹಂಪನಕಟ್ಟೆಯಾಯಿತೆಂದು ಜನರು ಹೇಳುವರು. ಅಂದು ಕಟ್ಟೆಯ ಬಳಿ ನಿಲ್ಲುತ್ತಿದ್ದುದು ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರದ ಎತ್ತಿನಗಾಡಿ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಸ್ಥಾಪಿತವಾದ ಮೇಲೆ ರಬ್ಬರಿನ ಚಕ್ರವು ಈ ಜಿಲ್ಲೆಯ ಜನರಿಗೆ ನಿತ್ಯದ ದರ್ಶನವಾಯಿತು. ಈಗಲಾದರೋ ಈ ವೃತ್ತದಲ್ಲಿ ಸುತ್ತದ ಚಕ್ರವೇ ಇಲ್ಲ. ಇಲ್ಲಿಂದ ಬಂದರಿನ ಕಡೆಗೆ ಇಳಿದರೆ ಹೊಯಿಗೆ ಬಜಾರು. ವಾಯವ್ಯಕ್ಕೆ ಹೋದರೆ ಸುಲ್ತಾನ್ ಬತ್ತೇರಿ, ಹೊಳೆ ದಾಟಿದರೆ ತಣ್ಣೀರುಬಾವಿಯ ತೀರ. ಇನ್ನೂ ಬಡಗಕ್ಕೆ ಪಣಂಬೂರು, ಸುರತ್ಕಲ್, ಸಸಿಹಿತ್ಲು. ಘಟ್ಟದ ಮೇಲಿನವರು ‘ಮರಳು’ ಎನ್ನುವುದನ್ನು ನಾವು ‘ಹೊಯಿಗೆ’ ಎನ್ನುತ್ತೇವೆ. ಹೊಯಿಗೆಯ ಹೆಸರಿನಲ್ಲಿ ಪೇಟೆಯನ್ನೇ ಕಟ್ಟಿದ ಊರಿನವರು ಅದರ ಗುಣವನ್ನು ಅರಿಯದಿದ್ದರೆ ಇನ್ನಾರು ಅರಿಯುವರು?

ಇತ್ತೀಚಿನ ವರ್ಷಗಳಲ್ಲಿ ಈ ತೀರಗಳಲ್ಲಿ ನಾಲ್ಕು ದಪ್ಪ ಚಕ್ರಗಳ, ಬೈಕಿನಂತೆ ಕೈಹಿಡಿಯುಳ್ಳ ಒಂದು ಬಗೆಯ ವಾಹನವು ಕಾಣಿಸಿಕೊಂಡಿದೆ. ಇದಕ್ಕೆ ಎ.ಟಿ.ವಿ. ಎಂದು ಹೆಸರು, ‘ಸರ್ವಭೂಚರ’ವೆಂದರೆ ಅರ್ಥವು ಸರಿಯಾದೀತು. ಕೆಲವರು ಇದನ್ನು ಬಾಡಿಗೆಯ ಸವಾರಿಗೆ ಇಡುವರು. ಕೆಲವರು ತೋಟದ ತೆಂಗಿನಕಾಯಿಯನ್ನೋ ಮೀನುಬಲೆಯನ್ನೋ ಸಾಗಿಸಲು ಕೊಳ್ಳುವರು. ಇವುಗಳಲ್ಲಿ ಹೆಚ್ಚಿನವು 110 ಅಥವಾ 125 ಸಿ.ಸಿ.ಯ ಅಲ್ಪಶಕ್ತಿಯ ಯಂತ್ರಗಳು. ಬಲವು ಏಳೆಂಟು ಅಶ್ವಶಕ್ತಿಯ ಆಸುಪಾಸು. ಹೆಸರು ಸರ್ವಭೂಚರವಾದರೂ ಒಣ ಹೊಯಿಗೆಯಲ್ಲಿ ಇವುಗಳ ಪಾಡು ಹೇಳತೀರದು. ಆಗ ಒಡೆಯನು ‘ಹೊಯಿಗೆಯ ಟಯರು’ ಹುಡುಕಲು ಹೊರಡುವನು. ಅಲ್ಲಿಯೇ ಹಣವೂ ಯಂತ್ರವೂ ಹಾಳಾಗುವ ದಾರಿಯು ಆರಂಭವಾಗುವುದು.

ಹೊಯಿಗೆಯ ಗುಣ

ಕಡಲತೀರದ ಹೊಯಿಗೆಯು ಒಂದೇ ಬಗೆಯದಲ್ಲ. ಮೂರು ಪಟ್ಟಿಗಳಾಗಿ ಹರಡಿರುವುದು. ತೆರೆಯು ಬಂದು ಮರಳುವ ಅಂಚಿನಲ್ಲಿ ನೀರು ತುಂಬಿದ ಹೊಯಿಗೆ. ಅದರ ಮೇಲ್ಗಡೆ ತೇವದಿಂದ ಬಿಗಿದ ಹೊಯಿಗೆ. ಅದಕ್ಕೂ ಮೇಲೆ ಬಿಸಿಲಿಗೆ ಬೆಂದು ಬಿಡಿಬಿಡಿಯಾದ ಒಣ ಹೊಯಿಗೆ. ನಡುವಣ ಪಟ್ಟಿಯಲ್ಲಿ ಕಣಕಣಗಳ ನಡುವೆ ನೀರಿನ ತೆಳ್ಳನೆಯ ಪೊರೆಯಿದ್ದು ಅವುಗಳನ್ನು ಪರಸ್ಪರ ಎಳೆದು ಹಿಡಿಯುವುದು. ಮಕ್ಕಳು ಮರಳಿನ ಗುಡಿ ಕಟ್ಟುವುದು ಈ ಹೊಯಿಗೆಯಿಂದಲೇ. ಇಲ್ಲಿ ಸಾಮಾನ್ಯವಾದ ಚಕ್ರವೂ ಸುಖವಾಗಿ ಓಡುವುದು. ಒಣ ಹೊಯಿಗೆಯಲ್ಲಿ ಆ ಬಂಧವಿಲ್ಲ; ಭಾರ ಬಿದ್ದರೆ ಕಣಗಳು ಬದಿಗೆ ಜಾರುವವು. ನೀರು ತುಂಬಿದಲ್ಲಿ ಕಣಗಳ ನಡುವಿನ ಎಡೆಯೆಲ್ಲ ನೀರೇ ಆಗಿ, ಅಲುಗಿಸಿದೊಡನೆ ಹೊಯಿಗೆಯು ದ್ರವದಂತೆ ಸಡಿಲಗೊಳ್ಳುವುದು. ತೆರೆಯ ಅಂಚಿನಲ್ಲಿ ನಿಂತವನ ಹಿಮ್ಮಡಿಯ ಕೆಳಗಿನಿಂದ ನೆಲವು ಸರಿದುಹೋಗುವ ಅನುಭವವು ಯಾರಿಗಿಲ್ಲ?

ಇದಲ್ಲದೆ ನಮ್ಮ ತೀರವು ಋತುವಿನೊಡನೆ ಬದಲಾಗತಕ್ಕದ್ದು. ಮಳೆಗಾಲದ ಹೆದ್ದೆರೆಗಳು ಹೊಯಿಗೆಯನ್ನು ಕಡಲಿಗೆ ಎಳೆದೊಯ್ದು ದಡವನ್ನು ಕಡಿದಾಗಿ ಮಾಡುವವು. ಮಳೆ ಕಳೆದ ಮೇಲೆ ಶಾಂತವಾದ ತೆರೆಗಳು ಅದನ್ನೇ ಮೆಲ್ಲಮೆಲ್ಲನೆ ಹಿಂದಕ್ಕೆ ತಂದು ಹರಡುವವು. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲು ಸೇರುವ ಅಳಿವೆಬಾಗಿಲಿನ ಆಸುಪಾಸಿನಲ್ಲಿ ಈ ಮಾರ್ಪಾಡು ಇನ್ನೂ ಹೆಚ್ಚು. ಆದಕಾರಣ ಮಾಘಮಾಸದಲ್ಲಿ ಓಡಿದ ದಾರಿಯಲ್ಲಿ ಶ್ರಾವಣದಲ್ಲಿಯೂ ಓಡುವೆನೆಂದು ನಂಬತಕ್ಕದ್ದಲ್ಲ.

ಭಾರವೂ ವಿಸ್ತಾರವೂ

ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಮರಿಗೆಯಲ್ಲಿ ಒಣ ಹೊಯಿಗೆಯನ್ನು ತುಂಬಿ, ಒಂದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಬೆರಳಿನಿಂದ ಒತ್ತಿರಿ. ಅದು ಸುಲಭವಾಗಿ ಇಳಿದುಹೋಗುವುದು. ಅದೇ ನಾಣ್ಯವನ್ನು ಮಲಗಿಸಿ ಅಷ್ಟೇ ಬಲದಿಂದ ಒತ್ತಿದರೆ ಬಹುಮಟ್ಟಿಗೆ ಮೇಲೆಯೇ ನಿಲ್ಲುವುದು. ನಾಣ್ಯವೂ ಬಲವೂ ಅವೇ. ಬೇರೆಯಾದುದು ಆ ಬಲವು ಹರಡಿಕೊಂಡ ವಿಸ್ತಾರ ಮಾತ್ರ. ಒಂಟೆಯ ಪಾದವು ಅಗಲವಾಗಿ ಮೆತ್ತಗಿರುವುದರ ರಹಸ್ಯವೂ ಇದೇ.

ಟಯರಿನಲ್ಲಿ ಈ ವಿಸ್ತಾರವನ್ನು ಕೊಡುವುದು ಮುಖ್ಯವಾಗಿ ಒಳಗಿನ ಗಾಳಿ. ಟಯರಿನ ಗೋಡೆಯು ಮೆತ್ತಗಿದ್ದರೆ, ಒಳಗಿನ ಗಾಳಿಯ ಒತ್ತಡವೆಷ್ಟೋ ಹೆಚ್ಚುಕಡಿಮೆ ಅಷ್ಟೇ ಒತ್ತಡದಿಂದ ಅದು ನೆಲವನ್ನು ಒತ್ತುವುದು. ಒಂದು ಲೆಕ್ಕವನ್ನು ನೋಡೋಣ. ವಾಹನ 150 ಕಿಲೋಗ್ರಾಂ, ಸವಾರ 70, ಒಟ್ಟು 220 ಎಂದಿಟ್ಟುಕೊಳ್ಳಿರಿ. ಗಾಳಿಯ ಒತ್ತಡವು ಚದರಂಗುಲಕ್ಕೆ 20 ಪೌಂಡು ಇದ್ದರೆ ನಾಲ್ಕು ಚಕ್ರಗಳೂ ಸೇರಿ ಸುಮಾರು 157 ಚದರ ಸೆಂಟಿಮೀಟರು ನೆಲವನ್ನು ಮುಟ್ಟುವವು. ಅಂದರೆ ಒಂದೊಂದು ಚಕ್ರದ ಪಾಲಿಗೆ ಅರ್ಧ ಅಂಗೈಯಷ್ಟು ಜಾಗ. ಒತ್ತಡವನ್ನು 4 ಪೌಂಡಿಗೆ ಇಳಿಸಿದರೆ ಅದೇ ವಾಹನವು ಸುಮಾರು 785 ಚದರ ಸೆಂಟಿಮೀಟರನ್ನು ಮುಟ್ಟುವುದು. ಒಂದೊಂದಕ್ಕೆ ಎರಡು ಅಂಗೈಗಳಷ್ಟು. ಒಂದು ಕಾಸೂ ಖರ್ಚಿಲ್ಲದೆ, ಗಾಳಿಯನ್ನು ಬಿಟ್ಟ ಮಾತ್ರಕ್ಕೆ, ಆಧಾರವು ಐದು ಪಾಲಾಯಿತು!

ಈ ತತ್ತ್ವವನ್ನು ಮರುಭೂಮಿಯಲ್ಲಿ ಚೆನ್ನಾಗಿ ಪರೀಕ್ಷಿಸಿದವರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಆಂಗ್ಲ ಸೇನಾಧಿಕಾರಿಯು ಪ್ರಸಿದ್ಧನು. 1920 ಮತ್ತು 1930ರ ದಶಕಗಳಲ್ಲಿ ಆತನೂ ಸಂಗಡಿಗರೂ ಸಾಧಾರಣವಾದ ಫೋರ್ಡ್ ಕಾರುಗಳಲ್ಲಿಯೇ ಈಜಿಪ್ಟ್ ಮತ್ತು ಲಿಬಿಯಾ ದೇಶಗಳ ಮರಳುಗಾಡನ್ನು ಸಂಚರಿಸಿದರು. ಟಯರಿನ ಗಾಳಿಯನ್ನು ಇಳಿಸುವುದು, ಹೂತ ಚಕ್ರದ ಕೆಳಗೆ ಉಕ್ಕಿನ ಹಲಗೆಗಳನ್ನಿಡುವುದು, ಇವೇ ಅವರ ಮುಖ್ಯ ಉಪಾಯಗಳು. ಗಾಳಿಗೆ ಹಾರುವ ಮರಳಿನ ಭೌತಶಾಸ್ತ್ರವನ್ನು ಕುರಿತು 1941ರಲ್ಲಿ ಆತನು ಪ್ರಕಟಿಸಿದ ಗ್ರಂಥವು ಇಂದಿಗೂ ವಿದ್ವಾಂಸರಿಗೆ ಮಾನ್ಯವಾದುದು. 1970ರಲ್ಲಿ ಜಪಾನಿನ ಹೋಂಡಾ ಕಂಪೆನಿಯು ಅಮೇರಿಕದಲ್ಲಿ ಮಾರಿದ ಮೂರು ಚಕ್ರದ ವಾಹನವೂ ಇದೇ ತತ್ತ್ವದ ಫಲ. ಅದರ ಯಂತ್ರವು 89 ಸಿ.ಸಿ.; ಬಲವು ಬರೇ ಏಳು ಅಶ್ವಶಕ್ತಿ; ಆದರೂ ಬಲೂನಿನಂತಹ ದಪ್ಪ ಟಯರು, ಅತ್ಯಲ್ಪ ಗಾಳಿ ಇದ್ದುದರಿಂದ ಅದು ಹಿಮದಲ್ಲಿಯೂ ಮರಳಿನಲ್ಲಿಯೂ ಓಡಿತು. ಅಲ್ಪಶಕ್ತಿಯು ದೋಷವಲ್ಲ, ಶಕ್ತಿಗೆ ತಕ್ಕ ನೇಮಿಯಿಲ್ಲದಿರುವುದೇ ದೋಷ.

ಟಯರುಗಳ ಭೇದ

ಅಂಗಡಿಯಲ್ಲಿ ದೊರೆಯುವ ಟಯರುಗಳನ್ನು ಮೂರು ವರ್ಗವಾಗಿ ತಿಳಿಯಬಹುದು. ಮೊದಲನೆಯದು ಉಬ್ಬುಗಂಟುಗಳ ಟಯರು. ವಾಹನದೊಡನೆ ಸಾಮಾನ್ಯವಾಗಿ ಬರುವುದು ಇದೇ. ಕೆಸರಿಗೂ ಕಲ್ಲುದಾರಿಗೂ ಇದು ಯೋಗ್ಯವಾದುದು. ಒಣ ಹೊಯಿಗೆಯಲ್ಲಾದರೋ ಗಂಟುಗಳು ಆಳವಾಗಿದ್ದಷ್ಟೂ ತೋಡುವ ಕೆಲಸವೇ ಹೆಚ್ಚು. ಬಾವಿ ತೋಡುವವನು ಮುಂದಕ್ಕೆ ಹೋಗುವನೇ?

ಎರಡನೆಯದು ನುಣುಪಾದ ಅಥವಾ ಅತಿ ಕಡಿಮೆ ಗೆರೆಗಳ ಅಗಲವಾದ ಟಯರು. ಇದು ಹೊಯಿಗೆಯನ್ನು ಕೆದಕದೆ ಅದರ ಮೇಲೆ ತೇಲುವುದು. ಎಳೆತವು ಸ್ವಲ್ಪ ಕಡಿಮೆಯಾದರೂ ಯಂತ್ರದ ಮೇಲೆ ಭಾರವನ್ನು ಹಾಕುವುದಿಲ್ಲ. ಮುಂದಿನ ಚಕ್ರಗಳಿಗೆ ಇದೇ ವರ್ಗದಲ್ಲಿ, ನಡುವೆ ಒಂದೆರಡು ಎತ್ತರದ ಏಣುಗಳುಳ್ಳವು ದೊರೆಯುವವು. ಏಣು ಹೊಯಿಗೆಯನ್ನು ಸೀಳಿ ತಿರುವಿಗೆ ಹಿಡಿತವನ್ನು ಕೊಡುವುದು. ಅಗಲವು ಮುಳುಗದಂತೆ ಕಾಯುವುದು. ಮುಂದಿನ ಚಕ್ರವು ತೀರ ಕಿರಿದಾದರೆ ನೇಗಿಲಿನಂತೆ ನೆಲವನ್ನು ಉಳುವುದು. ಹಿಂದಿನ ಚಕ್ರದ ಬಲವೆಲ್ಲ ಆ ಉಳುಮೆಗೇ ವ್ಯಯವಾಗುವುದು.

ಮೂರನೆಯದು ಹುಟ್ಟಿನ ಟಯರು. ದೋಣಿಯ ಹುಟ್ಟಿನಂತೆ ರಬ್ಬರಿನ ಎತ್ತರದ ಅಡ್ಡಪಟ್ಟಿಗಳು ಇದರ ಮೈಮೇಲೆ ಸಾಲಾಗಿರುವವು. ಒಂದೊಂದೂ ಬೊಗಸೆಯಂತೆ ಬಾಗಿ ಹೊಯಿಗೆಯನ್ನು ತುಂಬಿ ಹಿಂದಕ್ಕೆ ಎಸೆಯುವುದು. ವಾಹನವು ಮುಂದಕ್ಕೆ ಚಿಮ್ಮುವುದು. ಒಣ ಹೊಯಿಗೆಯ ದಿಬ್ಬಗಳಲ್ಲಿ ಇದಕ್ಕೆ ಸಮಾನವಾದುದಿಲ್ಲ. ಇದನ್ನು ಹಿಂದಿನ ಚಕ್ರಗಳಿಗೆ ಜೋಡಿಸುವರು. ನಾಲ್ಕೂ ಚಕ್ರಗಳಿಗೆ ಯಂತ್ರಬಲವು ಹೋಗುವ ವಾಹನವಾದರೆ ಮುಂದಕ್ಕೂ ಜೋಡಿಸುವುದುಂಟು. ಬೊಗಸೆಯ ತಗ್ಗಾದ ಮುಖವು, ನೆಲ ಮುಟ್ಟುವಾಗ, ಹಿಂದಕ್ಕೆ ತಿರುಗಿರತಕ್ಕದ್ದು. ಟಯರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದನ್ನು ನೋಡಿಯೇ ಹಾಕಿಸಬೇಕು. ತಲೆಕೆಳಗಾಗಿ ಹಾಕಿಸಿದ ಹುಟ್ಟು ಹೊಯಿಗೆಯನ್ನು ಹಿಡಿಯದೆ ಜಾರಿಸುವುದು.

ಅಲ್ಪಶಕ್ತಿಯ ಯಂತ್ರಕ್ಕೆ ಯಾವುದು?

ಹಾಗಾದರೆ ಹುಟ್ಟಿನ ಟಯರನ್ನೇ, ಅದರಲ್ಲಿಯೂ ದೊಡ್ಡದನ್ನೇ, ಕೊಳ್ಳಬಾರದೇಕೆ? ಕಡಲತಡಿಯವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈ ಪ್ರಶ್ನೆಯನ್ನೇ ಹೊತ್ತುಕೊಂಡು ಒಂದು ಸಾಯಂಕಾಲ ಮನೆಗೆ ಬಂದನು. ಆತನ ಹಿರಿಯರು ಕೈರಂಪಣಿ ಬಲೆ ಎಳೆದು ಬದುಕಿದವರು. ಈತನು ಬಲೆಯನ್ನೂ ಮೀನಿನ ಬುಟ್ಟಿಗಳನ್ನೂ ತೀರದಿಂದ ರಸ್ತೆಗೆ ತರಲು 110 ಸಿ.ಸಿ.ಯ ಹಳೆಯ ವಾಹನವೊಂದನ್ನು ಸಾಲದಿಂದ ಕೊಂಡಿದ್ದನು.

“ಮಾಷ್ಟ್ರೇ, ಒಣ ಹೊಯಿಗೆಯಲ್ಲಿ ಗಾಡಿ ಹತ್ತುವುದೇ ಇಲ್ಲ. ಹನ್ನೆರಡು ಹುಟ್ಟಿನ ದೊಡ್ಡ ಟಯರು ಹಾಕಿಸು, ಆನೆಯ ಹಾಗೆ ಹೋಗುತ್ತದೆ ಎನ್ನುತ್ತಾರೆ. ಅದಕ್ಕೆ ಇನ್ನೊಂದು ಸಾಲ ಮಾಡಬೇಕು. ಮಾಡಲೋ ಬೇಡವೋ?” ಎಂದು ಕೇಳಿದನು.

“ಐದು ಸೇರು ಹೊರುವವನ ತಲೆಯ ಮೇಲೆ ಹತ್ತು ಸೇರಿನ ಬುಟ್ಟಿಯನ್ನಿಟ್ಟರೆ ಅವನು ಎರಡು ಪಾಲು ಹೊರುವನೋ, ಕುಸಿದು ಬೀಳುವನೋ?” ಎಂದು ನಾನು ಕೇಳಿದೆನು. ಆತನು ಸುಮ್ಮನಾದನು.

ಸಂಗತಿಯು ಹೀಗಿದೆ. ಹುಟ್ಟು ಎತ್ತರವಾದಷ್ಟೂ, ಸಂಖ್ಯೆ ಹೆಚ್ಚಿದಷ್ಟೂ, ಒಂದೊಂದು ಸುತ್ತಿಗೆ ಎತ್ತಿ ಎಸೆಯಬೇಕಾದ ಹೊಯಿಗೆಯು ಹೆಚ್ಚುವುದು. ನಲವತ್ತು ಅಶ್ವಶಕ್ತಿಯ ಯಂತ್ರಕ್ಕೆ ಅದೊಂದು ಆಟ. ಏಳು ಅಶ್ವಶಕ್ತಿಯದಕ್ಕೆ ಅದು ಹೊರಲಾರದ ಹೊರೆ. ಇಂತಹ ಯಂತ್ರಗಳು ವೇಗವಾಗಿ ಸುತ್ತುವಾಗ ಮಾತ್ರ ತಮ್ಮ ಪೂರ್ಣಬಲವನ್ನು ತೋರುವವು. ಹುಟ್ಟು ಹೊಯಿಗೆಯನ್ನು ಕಚ್ಚಿ ಹಿಡಿದು ಸುತ್ತು ನಿಧಾನವಾದೊಡನೆ ಬಲವೂ ಇಳಿಯುವುದು; ಬಲವಿಳಿದರೆ ಸುತ್ತು ಇನ್ನೂ ನಿಧಾನ; ಕೊನೆಗೆ ಯಂತ್ರವು ಉಸಿರು ಕಟ್ಟಿ ನಿಲ್ಲುವುದು. ನಿಲ್ಲದೆ ಕ್ಲಚ್ಚು ಜಾರುತ್ತ ಹೋದರೆ ಅದು ಸುಟ್ಟು ಕರಕಾಗುವುದು; ಬೆಲ್ಟಿನಿಂದ ನಡೆಯುವ ವಾಹನದಲ್ಲಿ ಬೆಲ್ಟಿನ ಗತಿಯೂ ಅದೇ.

ಟಯರಿನ ಎತ್ತರದ್ದು ಇನ್ನೊಂದು ಮೋಸ. ಟಯರಿನ ಮೈಮೇಲೆ 20×11–9 ಎಂದು ಬರೆದಿದ್ದರೆ, ಎತ್ತರ 20 ಅಂಗುಲ, ಅಗಲ 11, ಒಳಗಿನ ಉಕ್ಕಿನ ಬಳೆ 9 ಅಂಗುಲ ಎಂದರ್ಥ. ಇದನ್ನು ತೆಗೆದು 22 ಅಂಗುಲದ್ದನ್ನು ಹಾಕಿದರೆ ಚಕ್ರವು ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದು ನಿಜ. ಆದರೆ ನೆಲದ ಮೇಲಿನ ತಳ್ಳುಬಲವು ನೂರಕ್ಕೆ ಒಂಬತ್ತರಷ್ಟು ಕುಗ್ಗುವುದು. ಇರುವುದೇ ಏಳು ಅಶ್ವಶಕ್ತಿ. ಅದರಲ್ಲಿ ಈ ನಷ್ಟವನ್ನು ತಡೆಯುವುದೆಂತು? ಟಯರಿನ ತೂಕವೂ ಹಾಗೆಯೇ. ಚಕ್ರದ ಹೊರಸುತ್ತಿನಲ್ಲಿ ಹೆಚ್ಚಿದ ತೂಕವನ್ನು ವಾಹನವು ಹೊರುವುದಷ್ಟೇ ಅಲ್ಲ, ಸುತ್ತಿಸಲೂ ಬೇಕು.

ಆದುದರಿಂದ ಅಲ್ಪಶಕ್ತಿಯ ವಾಹನದವರು ಅನುಸರಿಸತಕ್ಕ ಕ್ರಮವು ಇಂತಿದೆ. ಮೊದಲು, ಇರುವ ಟಯರಿನ ಗಾಳಿಯನ್ನು ಇಳಿಸಿ ನೋಡತಕ್ಕದ್ದು. ಎಷ್ಟರ ವರೆಗೆ ಇಳಿಸಬಹುದೆಂಬುದನ್ನು ವಾಹನದ ಕೈಪಿಡಿಯಲ್ಲಿ ನೋಡಬೇಕು. ಅತಿಯಾಗಿ ಇಳಿಸಿದರೆ ತಿರುವಿನಲ್ಲಿ ಟಯರಿನ ಅಂಚು ಉಕ್ಕಿನ ಬಳೆಯಿಂದ ಕಳಚಿಕೊಳ್ಳುವುದು. ಇಷ್ಟು ಕಡಿಮೆ ಒತ್ತಡವನ್ನು ಕಾರಿನ ಟಯರಿಗಾಗಿ ಮಾಡಿದ ಮಾಪಕವು ಸರಿಯಾಗಿ ತೋರಿಸದು. ಅಲ್ಪ ಒತ್ತಡದ ಮಾಪಕವೊಂದನ್ನೂ ಸೈಕಲ್ ಪಂಪನ್ನೂ ಜತೆಯಲ್ಲಿಟ್ಟುಕೊಳ್ಳಬೇಕು. ಟಯರು ತಣ್ಣಗಿರುವಾಗಲೇ ಅಳೆಯಬೇಕು. ಗಟ್ಟಿನೆಲಕ್ಕೆ ಮರಳುವಾಗ ಗಾಳಿಯನ್ನು ಪುನಃ ತುಂಬಬೇಕು.

ಎರಡನೆಯದಾಗಿ, ಸರಪಣಿಯಿಂದ ನಡೆಯುವ ವಾಹನವಾದರೆ ಯಂತ್ರದ ಕಡೆಯ ಹಲ್ಲಿನ ಚಕ್ರವನ್ನು ಒಂದು ಹಲ್ಲಿನಷ್ಟು ಕಿರಿದು ಮಾಡಿಸಬಹುದು. 13 ಹಲ್ಲಿನ ಬದಲು 12 ಹಲ್ಲಾದರೆ ತಳ್ಳುಬಲವು ನೂರಕ್ಕೆ ಎಂಟರಷ್ಟು ಹೆಚ್ಚುವುದು. ಓಟದ ವೇಗವು ಅಷ್ಟೇ ಕುಗ್ಗುವುದು. ತೀರದಲ್ಲಿ ವೇಗವು ಕುಗ್ಗಿದರೆ ಅದು ಲಾಭವೇ.

ಮೂರನೆಯದಾಗಿ, ಇಷ್ಟರಿಂದಲೂ ಕೆಲಸವಾಗದಿದ್ದರೆ ಟಯರಿನ ವಿಚಾರ. ಓಡಾಟವು ಹೆಚ್ಚಾಗಿ ತೇವದ ಹೊಯಿಗೆಯಲ್ಲಿದ್ದು ಒಣ ಪಟ್ಟಿಯನ್ನು ದಾಟುವುದಷ್ಟೇ ಆದರೆ, ಅಗಲವಾದ, ಮೆತ್ತನೆಯ ಗೋಡೆಯ, ಕಡಿಮೆ ಗೆರೆಯ ಟಯರೇ ಉತ್ತಮ. ನಮ್ಮ ಊರಿನ ಬಹುಪಾಲು ಕೆಲಸಕ್ಕೆ ಇದು ಸಾಕು. ನಿತ್ಯವೂ ಒಣ ಹೊಯಿಗೆಯಲ್ಲಿಯೇ ದುಡಿಮೆಯಾದರೆ ಮಾತ್ರ ಹುಟ್ಟಿನ ಟಯರು. ಅದೂ ಮೂಲದ ಟಯರಿನಷ್ಟೇ ಎತ್ತರದ್ದು ಅಥವಾ ಒಂದಂಗುಲ ಕಿರಿದು, ಹಗುರವಾದುದು, ಆರೆಂಟು ಹುಟ್ಟುಗಳದ್ದು, ಹುಟ್ಟಿನ ಎತ್ತರ ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲದೊಳಗಿನದು. ಹಿಂದಿನ ಎರಡು ಟಯರುಗಳೂ ಒಂದೇ ಅಳತೆಯವಾಗಿರಬೇಕು. ಈ ವಾಹನಗಳಲ್ಲಿ ಹೆಚ್ಚಿನವುಗಳ ಹಿಂದಿನ ಅಚ್ಚು ಒಂದೇ ಸರಳಾಗಿರುವುದರಿಂದ ಅಳತೆಯು ಬೇರೆಯಾದರೆ ವಾಹನವು ಒಂದು ಬದಿಗೆ ಎಳೆಯುವುದು. ಹುಟ್ಟಿನ ಟಯರನ್ನು ಡಾಮರಿನ ಮೇಲೆ ಓಡಿಸತಕ್ಕದ್ದಲ್ಲ. ಎಲುಬು ಅದುರುವುದು, ಹುಟ್ಟು ಸವೆದು ಹಾಳಾಗುವುದು.

ನನ್ನ ವಿದ್ಯಾರ್ಥಿಯು ಈ ಕ್ರಮದಲ್ಲಿಯೇ ನಡೆದನು. ಗಾಳಿಯಿಳಿಸಿದ ಮೇಲೆ ವಾಹನವು ಸವಾರನೊಬ್ಬನನ್ನು ಹೊತ್ತು ಒಣ ಪಟ್ಟಿಯನ್ನು ದಾಟಿತು. ಹಲ್ಲಿನ ಚಕ್ರವನ್ನು ಬದಲಿಸಿದ ಮೇಲೆ ಎರಡು ಬುಟ್ಟಿಗಳೊಡನೆ ದಾಟಿತು. ಬಲೆಯೂ ಸೇರಿದರೆ ಈಗಲೂ ಕಷ್ಟವೇ; ಆಗ ಎರಡು ಸಲ ಹೋಗಿಬರುವನು. ಎರಡನೆಯ ಸಾಲವು ಬೇಕಾಗಲಿಲ್ಲ.

ಸವಾರಿಯ ರೀತಿ

ಉತ್ತಮವಾದ ಟಯರೂ ಅವಿವೇಕಿಯ ಕೈಯಲ್ಲಿ ವ್ಯರ್ಥವೇ. ಹೊಯಿಗೆಯಲ್ಲಿ ಹೊರಡುವಾಗ ವೇಗವನ್ನು ಮೆಲ್ಲನೆ ಏರಿಸಬೇಕು. ಹೊರಟ ಮೇಲೆ ಸಮವಾದ ಓಟವನ್ನು ಬಿಡಬಾರದು. ಏರಿನಲ್ಲಿ ನಿಲ್ಲಿಸಬಾರದು, ನಿಲ್ಲಿಸುವುದಾದರೆ ತೇವದ ಹೊಯಿಗೆಯಲ್ಲಿ, ಅಥವಾ ಇಳಿಜಾರಿಗೆ ಮುಖಮಾಡಿ. ಬ್ರೇಕನ್ನು ಒಮ್ಮೆಲೇ ಒತ್ತಿದರೆ ಚಕ್ರದ ಮುಂದೆ ಹೊಯಿಗೆಯ ದಿಣ್ಣೆಯೇಳುವುದು. ಆದುದರಿಂದ ವೇಗವನ್ನು ತಗ್ಗಿಸಿ ತಾನಾಗಿಯೇ ನಿಲ್ಲಬಿಡಬೇಕು. ಚಕ್ರವು ಹೂತು ಸುತ್ತತೊಡಗಿದರೆ ಹಟಮಾಡಬಾರದು. ಒಂದೊಂದು ಸುತ್ತಿಗೂ ಗುಂಡಿಯು ಆಳವಾಗುವುದೇ ಹೊರತು ಬಿಡುಗಡೆಯಿಲ್ಲ. ಇಳಿದು, ಚಕ್ರದ ಮುಂದಿನ ಹೊಯಿಗೆಯನ್ನು ಕೈಯಿಂದ ಸರಿಸಿ, ಒಂದು ಹಲಗೆಯನ್ನೋ ಒದ್ದೆ ಗೋಣಿಯನ್ನೋ ಹಾಕಿ ಮೆಲ್ಲನೆ ಹೊರತೆಗೆಯಬೇಕು. ತೆರೆಯ ಅಂಚಿಗೆ ಇಳಿಸಲೇಬಾರದು. ಅಲ್ಲಿ ಹೂತ ವಾಹನವನ್ನು ಮುಂದಿನ ಭರತವು ಕಾಯುವುದಿಲ್ಲ. ದಿನದ ಕೊನೆಗೆ ಸಿಹಿನೀರಿನಿಂದ ತೊಳೆದು ಸರಪಣಿಗೆ ಎಣ್ಣೆ ಹಾಕದಿದ್ದರೆ ಉಪ್ಪು ತನ್ನ ಪಾಲನ್ನು ತಿನ್ನುವುದು.

ಮಕ್ಕಳ ವಿಷಯ

ಆ ವಿದ್ಯಾರ್ಥಿಯ ಹನ್ನೆರಡು ವರ್ಷದ ಮಗನು ಈ ವಾಹನವನ್ನು ಓಡಿಸುವನೆಂದು ಆತನೇ ಹೆಮ್ಮೆಯಿಂದ ಹೇಳಿದನು. ಟಯರಿನ ಮಾತನ್ನು ಅಲ್ಲಿಗೆ ನಿಲ್ಲಿಸಿ ನಾನು ಇದನ್ನೇ ಹೇಳಬೇಕಾಯಿತು: ಹಿಡಿತವು ಹೆಚ್ಚಿದ ಟಯರು ಮಗುಚುವ ಅಪಾಯವನ್ನೂ ಹೆಚ್ಚಿಸುವುದು. ಜಾರುವ ಟಯರು ತಿರುವಿನಲ್ಲಿ ಜಾರಿಹೋಗುವುದು. ಹುಟ್ಟಿನ ಟಯರು ಹೊಯಿಗೆಯನ್ನು ಕಚ್ಚಿ ಹಿಡಿದು ವಾಹನವನ್ನೇ ಮಗುಚಬಹುದು. ಏರಿನಲ್ಲಿ ಮುಂದಿನ ಚಕ್ರವು ಮೇಲೆದ್ದು ಹಿಂದಕ್ಕೆ ಬೀಳಬಹುದು. ಒಂದೂವರೆ ಕ್ವಿಂಟಾಲಿನ ಉಕ್ಕು ಮಗುವಿನ ಎದೆಯ ಮೇಲೆ ಬಿದ್ದರೆ ಅನಂತರ ಪಶ್ಚಾತ್ತಾಪದಿಂದ ಫಲವೇನು? ಮೂರು ಚಕ್ರದ ವಾಹನಗಳಿಂದ ಅಪಘಾತಗಳು ಬಹಳವಾದುದರಿಂದ ಅಮೇರಿಕದಲ್ಲಿ 1988ರಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಅಲ್ಲಿಯ ಶಿಶುವೈದ್ಯರ ಸಂಘವು ಹದಿನಾರು ವರ್ಷ ತುಂಬದವರು ನಾಲ್ಕು ಚಕ್ರದ ವಾಹನವನ್ನೂ ಏರಬಾರದೆಂದು ಸಲಹೆಮಾಡಿದೆ. ಒಬ್ಬನಿಗಾಗಿ ಮಾಡಿದ ಆಸನದಲ್ಲಿ ಇಬ್ಬರು ಕೂರುವುದೂ, ಶಿರಸ್ತ್ರಾಣವಿಲ್ಲದೆ ಓಡಿಸುವುದೂ ಅಷ್ಟೇ ಅಪಾಯಕರ. ಬಾಡಿಗೆಯ ಸವಾರಿಗೆ ಮಕ್ಕಳನ್ನು ಹತ್ತಿಸುವ ತಾಯ್ತಂದೆಗಳು ಇದನ್ನು ನೆನಪಿಡಬೇಕು. ಆ ಹುಡುಗನು ಈಗ ಬುಟ್ಟಿಗಳನ್ನು ಎಣಿಸುವ ಕೆಲಸದಲ್ಲಿರುವನು. ಮುಖವು ಇನ್ನೂ ಊದಿಕೊಂಡಿದೆಯಂತೆ. ಊದಿದ ಮುಖವು ಇಳಿಯುವುದು.

ತೀರದ ಹಕ್ಕುದಾರರು

ಹೊಯಿಗೆಯು ನಮ್ಮೊಬ್ಬರದೇ ಅಲ್ಲ. ದಿಬ್ಬಗಳ ಮೇಲೆ ನೇರಳೆಬಣ್ಣದ ಹೂ ಬಿಡುವ ಅಡಂಬು ಬಳ್ಳಿಯು ಬೇರುಗಳಿಂದ ಹೊಯಿಗೆಯನ್ನು ಕಟ್ಟಿಹಿಡಿದು ದಡವನ್ನು ಕಾಯುತ್ತಿರುವುದು. ಚಕ್ರಗಳು ಅದನ್ನು ಅರೆದುಹಾಕಿದರೆ ಗಾಳಿಯೂ ಕಡಲೂ ದಿಬ್ಬವನ್ನು ಕೊಂಡೊಯ್ಯುವವು. ಕಡಲು ಕೊರೆತದಿಂದ ಉಳ್ಳಾಲದವರು ಪಟ್ಟ ಪಾಡನ್ನು ಕಂಡವರಿಗೆ ದಿಬ್ಬದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಮರಳುದಿಬ್ಬಗಳನ್ನು ಮಾರ್ಪಡಿಸುವುದು ಕರಾವಳಿ ನಿಯಂತ್ರಣ ವಲಯದ ನಿಯಮಗಳಿಗೂ ವಿರುದ್ಧ.

ಚಳಿಗಾಲದಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಕರ್ನಾಟಕದ ತೀರಕ್ಕೂ ಬಂದು ಹೊಯಿಗೆಯಲ್ಲಿ ಮೊಟ್ಟೆಯಿಡುವವು. 2024ರಲ್ಲಿ ಮಂಗಳೂರಿನ ಸಮೀಪದ ತೀರಗಳಲ್ಲಿಯೂ ಗೂಡುಗಳು ಕಂಡುಬಂದು ಅರಣ್ಯ ಇಲಾಖೆಯವರು ಕಾಪಾಡಿದರು. ಮೊಟ್ಟೆಗಳು ಒಡೆಯಲು ಸುಮಾರು ಒಂದೂವರೆಯಿಂದ ಎರಡು ತಿಂಗಳು ಬೇಕು. ಹೆಬ್ಬೆರಳಿನಷ್ಟಿರುವ ಮರಿಗಳು ಕಡಲಿಗೆ ಓಡುವಾಗ ಚಕ್ರದ ಜಾಡೇ ಅವಕ್ಕೆ ದಾಟಲಾರದ ಕಂದಕವಾಗುವುದು. ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಸೇರಿದ ಪ್ರಾಣಿಗಳು. ಆದಕಾರಣ ವಾಹನವನ್ನು ತೀರಕ್ಕೆ ಇಳಿಸುವ ಮುನ್ನ ಅಧಿಕಾರಿಗಳಿಂದ ಅನುಮತಿಯ ವಿಚಾರವನ್ನು ತಿಳಿದುಕೊಂಡು, ದಿಬ್ಬವನ್ನೂ ಗೂಡಿನ ಜಾಗವನ್ನೂ ಬಿಟ್ಟು, ತೇವದ ಪಟ್ಟಿಯಲ್ಲಿ ಹಗಲು ಹೊತ್ತಿನಲ್ಲಿಯೇ ಓಡಿಸತಕ್ಕದ್ದು. ಆ ಪಟ್ಟಿಯ ಜಾಡನ್ನು ಭರತವು ಅಳಿಸಿಬಿಡುವುದು. ದಿಬ್ಬದ ಗಾಯವು ಬೇಗನೆ ಮಾಯುವುದಿಲ್ಲ.

ವಾಚಕರಲ್ಲಿ ಯಾರಾದರೂ ಈ ವಾಹನವನ್ನು ಕೊಳ್ಳುವುದಾದರೆ, ಅಂಗಡಿಗೆ ಹೋಗುವ ಮೊದಲು ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಲಿ: ನಮ್ಮ ಯಂತ್ರದ ಬಲವೆಷ್ಟು? ನಾವು ದಿನವೂ ಓಡುವ ಹೊಯಿಗೆಯು ಒಣದೋ ತೇವದ್ದೋ? ಓಡಿಸುವವರು ಯಾರು? ಉತ್ತರವು ಸ್ಪಷ್ಟವಾಗಿದ್ದರೆ ಟಯರಿನ ಆಯ್ಕೆಯಲ್ಲಿ ಮೋಸಹೋಗುವ ಭಯವಿಲ್ಲ. ಅಂಗಡಿಯವನು ದೊಡ್ಡದನ್ನೇ ತೋರಿಸಿದರೆ, ಮನೆಗೆ ಬಂದು ಮರಿಗೆಯ ಹೊಯಿಗೆಯಲ್ಲಿ ನಾಣ್ಯವನ್ನು ಇನ್ನೊಮ್ಮೆ ಮಲಗಿಸಿ ನೋಡಿದರಾಯಿತು.